ನಾಲ್ಕು ಶಾಲೆಗಳ ನಾಲ್ಕು ಹಣೆಬರಹ

ಅಮೆರಿಕದ ಸಿಯಾಟಲ್ ನಗರಕ್ಕೆ ಹೋದವರು ಸ್ಪೇಸ್ ನೀಡಲ್ ಗೋಪುರ ಹತ್ತುತ್ತಾರೆ, ಪೈಕ್ ಪ್ಲೇಸ್ ಮಾರುಕಟ್ಟೆಯಲ್ಲಿ ಮೀನು ಎಸೆದು ಹಿಡಿಯುವುದನ್ನು ನೋಡುತ್ತಾರೆ, ಬೋಯಿಂಗ್ ವಿಮಾನ ಕಾರ್ಖಾನೆಗೆ ಒಂದು ಸುತ್ತು ಹಾಕುತ್ತಾರೆ. ಮಗಳ ಮನೆಗೆಂದು ಹೋಗಿದ್ದ ನಾನೂ ನನ್ನವಳೂ ಇವನ್ನೆಲ್ಲ ಸಾಂಗವಾಗಿ ಮುಗಿಸಿದೆವು. ಆದರೆ ಊರಿಗೆ ಮರಳಿದ ಮೇಲೂ ನನ್ನ ತಲೆಯಲ್ಲಿ ಉಳಿದಿರುವುದು ಅವು ಯಾವುವೂ ಅಲ್ಲ. ಅಲ್ಲಿನ ನಾಲ್ಕು ಹಳೆಯ ಶಾಲಾ ಕಟ್ಟಡಗಳು.

ನಾಲ್ಕಕ್ಕೂ ನಕ್ಷೆ ಬರೆದವರು ಒಬ್ಬರೇ. ಜೇಮ್ಸ್ ಸ್ಟೀಫನ್ ಎಂಬ ವಾಸ್ತುಶಿಲ್ಪಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಸಿಯಾಟಲ್‌ನ ಸಾರ್ವಜನಿಕ ಶಾಲೆಗಳಿಗೆಂದೇ ಕೆಲಸ ಮಾಡುತ್ತಿದ್ದರು. ಊರು ಬೆಳೆಯುತ್ತಿತ್ತು, ಮಕ್ಕಳು ಹೆಚ್ಚುತ್ತಿದ್ದರು, ಒಂದರ ಹಿಂದೆ ಒಂದು ಶಾಲೆ ಎದ್ದವು. ನಾನು ಹೇಳುವ ನಾಲ್ಕೂ 1904ರಿಂದ 1909ರ ನಡುವೆ ಬಾಗಿಲು ತೆರೆದವು. ಒಂದೇ ತಾಯಿಯ ಮಕ್ಕಳ ಹಾಗೆ. ಆದರೆ ಒಂದೇ ಮನೆಯಲ್ಲಿ ಹುಟ್ಟಿದವರೆಲ್ಲ ಒಂದೇ ಥರ ಬಾಳುವುದುಂಟೇ? ಈ ನಾಲ್ಕರಲ್ಲಿ ಒಂದು ಈಗ ಜನ ಕೊಂಡುಕೊಂಡು ವಾಸಿಸುವ ಮನೆಗಳಾಗಿದೆ. ಒಂದರ ಕೆಳಗೆ ಅಂಗಡಿ, ಮೇಲೆ ಮನೆ. ಒಂದು ಬಡಾವಣೆಯವರೆಲ್ಲರ ಚಾವಡಿ. ಇನ್ನೊಂದು ಮತ್ತೆ ಶಾಲೆಯೇ ಆಗಿದೆ.

ಇವುಗಳ ಬೆನ್ನು ಹತ್ತಲು ಒಂದು ಮನೆವಾರ್ತೆಯೂ ಕಾರಣ. ಮಗಳು, ಅಳಿಯ ಬಾಡಿಗೆ ಮನೆ ಸಾಕೆಂದು ಸ್ವಂತ ಮನೆ ಹುಡುಕುತ್ತಿದ್ದರು. ಮಾರಾಟಕ್ಕಿದ್ದ ಮನೆಗಳ ಪಟ್ಟಿಯಲ್ಲಿ ಒಂದರ ವಿಳಾಸ ಹಳೆಯ ಹೈಸ್ಕೂಲು! "ಅಪ್ಪಾ, ನೀವು ಬ್ಯಾಂಕಿನಲ್ಲಿ ಎಷ್ಟೋ ಮನೆಸಾಲದ ಕಾಗದ ನೋಡಿದ್ದೀರಿ. ಬಂದು ಒಂದು ಕಣ್ಣು ಹಾಯಿಸಿ" ಎಂದಳು ಮಗಳು. ನಾನು ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತವನಲ್ಲ. ಆದರೆ ಕ್ರಯಪತ್ರ, ಗುತ್ತಿಗೆ ಕರಾರು, ನಕ್ಷೆ ಇವುಗಳ ಕಡತ ಕಟ್ಟಿ ಕಟ್ಟಿ ಕಣ್ಣು ಪಳಗಿದೆ. ಒಪ್ಪಿ ಹೊರಟೆ.

ತೂಕ ಇಳಿದರೆ ಟ್ರಾಮ್ ಏರುತ್ತಿತ್ತು

ಆ ಹೈಸ್ಕೂಲು ಇರುವುದು ಕ್ವೀನ್ ಆನ್ ಎಂಬ ಗುಡ್ಡದ ನೆತ್ತಿಯಲ್ಲಿ. ಸಿಯಾಟಲ್ ಗುಡ್ಡಗಳ ಊರು. ನಮ್ಮ ಮಡಿಕೇರಿಯ ರಸ್ತೆಗಳನ್ನು ಅಗಲ ಮಾಡಿ ಸಮುದ್ರದ ಪಕ್ಕಕ್ಕೆ ತಂದಿಟ್ಟ ಹಾಗೆ. ಕ್ವೀನ್ ಆನ್ ಎಂಬ ಹೆಸರು ಯಾವುದೋ ರಾಣಿ ಇಲ್ಲಿಗೆ ಬಂದದ್ದರಿಂದ ಬಂದದ್ದಲ್ಲ. ಹಿಂದೆ ಇಲ್ಲಿ ಕಟ್ಟಿದ ಮನೆಗಳ ಶೈಲಿಗೆ ಆ ಹೆಸರಿತ್ತು, ಗುಡ್ಡಕ್ಕೂ ಅದೇ ಅಂಟಿಕೊಂಡಿತು.

ಗುಡ್ಡ ಹತ್ತುವ ಮುಖ್ಯ ಬೀದಿ ಎಷ್ಟು ಕಡಿದೆಂದರೆ ನೂರು ಅಡಿ ಮುಂದೆ ಹೋದರೆ ಸುಮಾರು ಹದಿನೆಂಟು ಅಡಿ ಮೇಲೇರಿರುತ್ತೀರಿ. ಮಕ್ಕಳೇ, 1940ರವರೆಗೆ ಇಲ್ಲಿ ವಿದ್ಯುತ್ ಟ್ರಾಮ್ ಓಡುತ್ತಿತ್ತು. ಅಂಥ ಏರಿನಲ್ಲಿ ಅದು ಹೇಗೆ ಹತ್ತುತ್ತಿತ್ತು ಗೊತ್ತೇ? ರಸ್ತೆಯ ಅಡಿಯಲ್ಲಿ ಒಂದು ಸುರಂಗ ತೋಡಿ, ಅದರೊಳಗೆ ಹಳಿಯ ಮೇಲೆ ಭಾರ ತುಂಬಿದ ಒಂದು ಗಿಡ್ಡ ಬಂಡಿ ಇಟ್ಟಿದ್ದರು. ಮೇಲಿನ ಟ್ರಾಮಿಗೂ ಕೆಳಗಿನ ಬಂಡಿಗೂ ಉಕ್ಕಿನ ಹಗ್ಗ. ಟ್ರಾಮ್ ಏರುವಾಗ ಬಂಡಿ ಇಳಿಯುತ್ತ ಅದನ್ನು ಎಳೆಯುತ್ತಿತ್ತು. ಟ್ರಾಮ್ ಇಳಿಯುವಾಗ ಬಂಡಿ ಮೇಲಕ್ಕೆ ಏರುತ್ತ ಬ್ರೇಕಿನ ಕೆಲಸ ಮಾಡುತ್ತಿತ್ತು. ಬಾವಿಯ ರಾಟೆಯ ಎರಡು ತುದಿಗೂ ಕೊಡ ಕಟ್ಟಿದರೆ ಒಂದು ಇಳಿದಂತೆ ಇನ್ನೊಂದು ಮೇಲೆ ಬರುವುದಿಲ್ಲವೇ, ಅದೇ ಲೆಕ್ಕ. ಈಗ ಟ್ರಾಮ್ ಇಲ್ಲ, ತಂತಿಯಿಂದ ವಿದ್ಯುತ್ ಪಡೆಯುವ ಬಸ್ಸು ಏರುತ್ತದೆ. ಹಳಬರು ಮಾತ್ರ ಆ ಬೀದಿಯನ್ನು ಇಂದಿಗೂ 'ಕೌಂಟರ್‌ಬ್ಯಾಲೆನ್ಸ್' ಎಂದೇ ಕರೆಯುತ್ತಾರೆ.

ಬಸ್ಸಿಳಿದು ಗೇಲರ್ ಬೀದಿಯಲ್ಲಿ ನಡೆದರೆ ಆಕಾಶಕ್ಕೆ ಚುಚ್ಚಿದಂತೆ ಟಿ.ವಿ. ಪ್ರಸಾರದ ಗೋಪುರಗಳು ಕಾಣುತ್ತವೆ. ಅವುಗಳ ನೆರೆಯಲ್ಲೇ ನಮ್ಮ ಶಾಲೆ, ಕ್ವೀನ್ ಆನ್ ಹೈಸ್ಕೂಲು. 1909ರ ಸೆಪ್ಟೆಂಬರಿನಲ್ಲಿ ಆರುನೂರು ಚಿಲ್ಲರೆ ವಿದ್ಯಾರ್ಥಿಗಳೊಂದಿಗೆ ಶುರುವಾದದ್ದು. ಕೆಳಗಿನ ನಗರದಿಂದಲೂ ಕಾಣುವಷ್ಟು ದೊಡ್ಡ ಕಟ್ಟಡ. ಒಂದು ಊರು ಇಷ್ಟು ಎತ್ತರದ ಜಾಗವನ್ನು ಕೋಟೆಗೋ ಶ್ರೀಮಂತನ ಬಂಗಲೆಗೋ ಕೊಡದೆ ಶಾಲೆಗೆ ಕೊಟ್ಟಿತ್ತಲ್ಲ ಎಂದು ನನಗೆ ಸಂತೋಷವಾಯಿತು.

ಮಕ್ಕಳು ಎಲ್ಲಿ ಹೋದರು?

ಎಪ್ಪತ್ತೆರಡು ವರ್ಷ ನಡೆದ ಶಾಲೆ 1981ರಲ್ಲಿ ನಿಂತಿತು. ಕಟ್ಟಡ ಬಿರುಕು ಬಿಟ್ಟಿತೇ, ಬೆಂಕಿ ಬಿತ್ತೇ? ಇಲ್ಲ. ಮಕ್ಕಳು ಕಡಿಮೆಯಾದರು.

1960ರ ದಶಕದ ಆರಂಭದಲ್ಲಿ ಸಿಯಾಟಲ್‌ನ ಸಾರ್ವಜನಿಕ ಶಾಲೆಗಳಲ್ಲಿ ಹತ್ತಿರಹತ್ತಿರ ಒಂದು ಲಕ್ಷ ಮಕ್ಕಳಿದ್ದರು. ಎರಡು ದಶಕಗಳಲ್ಲಿ ಆ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ದೊಡ್ಡ ಸಂಖ್ಯೆಯ ಮಕ್ಕಳು ಓದು ಮುಗಿಸಿದ್ದರು, ಆಮೇಲೆ ಮನೆಗೆ ಮಕ್ಕಳೇ ಕಡಿಮೆ. ಕಾರು, ಹೆದ್ದಾರಿ ಬಂದ ಮೇಲೆ ಸಂಸಾರಸ್ಥರು ನಗರ ಬಿಟ್ಟು ಹೊರವಲಯಕ್ಕೆ ಹೋದರು. ಸಾಲದ್ದಕ್ಕೆ 1970ರ ಸುಮಾರಿಗೆ ಬೋಯಿಂಗ್ ಕಂಪನಿಗೆ ಕಷ್ಟ ಬಂತು. ಸಿಯಾಟಲ್ ಸುತ್ತ ಒಂದು ಲಕ್ಷದ ಆಸುಪಾಸಿನಲ್ಲಿದ್ದ ಅದರ ನೌಕರರ ಸಂಖ್ಯೆ ಕೆಲವೇ ವರ್ಷಗಳಲ್ಲಿ 40 ಸಾವಿರಕ್ಕಿಂತ ಕೆಳಗಿಳಿಯಿತು. ಅಪ್ಪನಿಗೆ ಕೆಲಸ ಹೋದರೆ ಮಗುವಿನ ಶಾಲೆಯೂ ಬದಲಾಗುತ್ತದೆ. ಊರ ಶಾಲೆಗಳ ಹಾಜರಿ ಪುಸ್ತಕದಲ್ಲಿ ಖಾಲಿ ಸಾಲುಗಳು ಹೆಚ್ಚಾದವು.

ಖಾಲಿ ಕಟ್ಟಡ ಸುಮ್ಮನೆ ಕೂರುವುದಿಲ್ಲ, ಅದೂ ಖರ್ಚು ಕೇಳುತ್ತದೆ. ಸಿಯಾಟಲ್‌ನಲ್ಲಿ ಚಳಿಗಾಲವಿಡೀ ಜಿಟಿಜಿಟಿ ಮಳೆ. ಸೂರು ಸೋರಿದರೆ ತೊಲೆ ಕೊಳೆಯುತ್ತದೆ. ಕಿಟಕಿ ಗಾಜಿಗೆ ಕಲ್ಲು ಬೀಳುತ್ತದೆ. ಕಾವಲುಗಾರನಿಗೆ ಸಂಬಳ ಕೊಡಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಆಸ್ತಿ ಎಂದು ಬರೆದಿಟ್ಟದ್ದು ವರ್ಷವರ್ಷ ಸಾಲದ ಕಡೆಗೆ ಜರುಗುತ್ತ ಹೋಗುತ್ತದೆ. ಕೆಡವಿ ಹಾಕುವುದು ಸುಲಭ. ಆದರೆ 1973ರಲ್ಲಿಯೇ ಸಿಯಾಟಲ್ ನಗರ ತನ್ನ ಹಳೆಯ ಕಟ್ಟಡಗಳನ್ನು ಕಾಪಾಡುವ ಕಾನೂನು ಮಾಡಿಕೊಂಡಿತ್ತು. ಆ ಕಾನೂನಿನಡಿ ಸ್ಮಾರಕ ಎಂದು ಗುರುತಿಸಿದ ಕಟ್ಟಡದ ಸಂರಕ್ಷಿತ ಭಾಗಗಳನ್ನು ಅದರ ಮಂಡಳಿಯ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಕ್ವೀನ್ ಆನ್ ಹೈಸ್ಕೂಲು ಅಂಥ ಪಟ್ಟಿಗೆ ಸೇರಿತು. ಕೆಡವಬಾರದು, ಖಾಲಿ ಬಿಡಬಾರದು ಎಂದಾದಾಗ ಉಳಿದದ್ದು ಒಂದೇ ದಾರಿ. 1980ರ ದಶಕದಲ್ಲಿ ಶಾಲೆಯೊಳಗೆ ನೂರಕ್ಕೂ ಹೆಚ್ಚು ಬಾಡಿಗೆ ಮನೆಗಳಾದವು. ಸುಮಾರು ಇಪ್ಪತ್ತು ವರ್ಷಗಳ ನಂತರ ಅವೇ ಮನೆಗಳನ್ನು ಬಿಡಿಬಿಡಿಯಾಗಿ ಮಾರಿದರು.

ಒಂದು ತರಗತಿ, ಒಂದು ಮನೆ

ನಾವು ನೋಡಿದ್ದು ಒಂದು ದೊಡ್ಡ ಕೋಣೆಯ ಮನೆ. ದಲ್ಲಾಳಿ ಹೆಣ್ಣುಮಗಳು ಬಾಗಿಲು ತೆರೆದದ್ದೇ ನಾವೆಲ್ಲ ಮೇಲೆ ನೋಡಿದೆವು. ಅಷ್ಟು ಎತ್ತರ ಚಾವಣಿ. ಗೋಡೆಯ ಉದ್ದಕ್ಕೂ ಆಳೆತ್ತರ ಮೀರಿದ ಕಿಟಕಿಗಳು. ಬೆಳಕು ನೆಲದ ತುಂಬ ಚೆಲ್ಲಿತ್ತು. "ಇದು ತರಗತಿಯಾಗಿತ್ತು" ಎಂದಳು ದಲ್ಲಾಳಿ. ನನ್ನ ಮೊಮ್ಮಗಳು ಪುಟ್ಟಿ ಆರನೆಯ ತರಗತಿಯವಳು. ಕೂಡಲೇ ಬರಿಯ ಗೋಡೆಯ ಕಡೆ ಮುಖ ಮಾಡಿ ನಿಂತು, "ಹಾಗಾದ್ರೆ ಮಿಸ್ ಇಲ್ಲಿ ನಿಂತ್ಕೋತಿದ್ರು" ಎಂದಳು.

ಅವಳು ಸರಿಯಾಗಿಯೇ ಹಿಡಿದಿದ್ದಳು. ಆ ಕಾಲದ ತರಗತಿಗಳಲ್ಲಿ ಕಿಟಕಿಗಳು ಮಕ್ಕಳ ಎಡಗಡೆ ಇರಬೇಕೆಂಬ ನಿಯಮವಿತ್ತು. ಬೆಳಕು ಬಲದಿಂದ ಬಂದರೆ ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಹಾಗಾಗಿ ಕಿಟಕಿ ಎಡಕ್ಕೆ ಬರುವಂತೆ ನಿಂತರೆ ಎದುರಿನ ಗೋಡೆಯೇ ಕಪ್ಪುಹಲಗೆಯ ಗೋಡೆ. ಇದನ್ನು ಹೇಳಿದಾಗ ಪುಟ್ಟಿ, "ನಾನು ಎಡಗೈಯಲ್ಲಿ ಬರೀತೀನಲ್ಲ ತಾತ, ನನ್ನ ಗತಿ?" ಎಂದಳು. ಆ ಕಾಲದವರು ಎಡಗೈಯವರ ಬಗ್ಗೆ ಯೋಚಿಸಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಚಾವಣಿ ಏಕೆ ಅಷ್ಟು ಎತ್ತರ? ಇದೂ ಬೆಳಕಿನ ಲೆಕ್ಕವೇ. ವಿದ್ಯುತ್ ದೀಪ ಅಪರೂಪವಾಗಿದ್ದ ದಿನಗಳಲ್ಲಿ ಕಿಟಕಿಯ ತಲೆ ನೆಲದಿಂದ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದವರೆಗೆ ಓದಲು ಸಾಕಾಗುವ ಬೆಳಕು ತಲುಪುತ್ತದೆ ಎಂದು ಎಣಿಸುತ್ತಿದ್ದರು. ಕಿಟಕಿ ಹನ್ನೆರಡು ಅಡಿವರೆಗೆ ಹೋದರೆ ಕೋಣೆಯನ್ನು ಇಪ್ಪತ್ನಾಲ್ಕು ಅಡಿ ಅಗಲ ಮಾಡಬಹುದು. ಉದ್ದ ಸಾಮಾನ್ಯವಾಗಿ ಮೂವತ್ತೆರಡು ಅಡಿಯ ಆಸುಪಾಸು. ಗುಣಿಸಿದರೆ 768 ಚದರಡಿ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಏಳೂವರೆ ಚದರಕ್ಕಿಂತ ತುಸು ಹೆಚ್ಚು. ಗಂಡ ಹೆಂಡತಿ ಇಬ್ಬರಿಗೆ ಹೇಳಿ ಮಾಡಿಸಿದ ಅಳತೆ! ಹಳೆಯ ಶಾಲೆಗಳು ಇಷ್ಟು ಸಲೀಸಾಗಿ ಮನೆಗಳಾಗುವುದಕ್ಕೆ ಇದೇ ಕಾರಣ. ಒಂದು ತರಗತಿಗೆ ಒಂದು ಮನೆ, ನಡುವೆ ಆಗಲೇ ಇರುವ ಅಗಲವಾದ ಪಡಸಾಲೆ, ಎರಡು ಕಡೆ ಮೆಟ್ಟಿಲು.

ಚಾವಣಿ ಎತ್ತರವಿರುವುದರಿಂದ ಅಡುಗೆ ಜಾಗದ ಮೇಲೆ ಅರ್ಧ ಅಂತಸ್ತು ಹಾಕಿ, ಕಡಿದಾದ ಮೆಟ್ಟಿಲಿಟ್ಟು, ಅಲ್ಲಿ ಮಲಗುವ ಜಾಗ ಮಾಡಿದ್ದರು. ಇಂಥ ಮನೆಗೆ ಅಲ್ಲಿ 'ಲಾಫ್ಟ್' ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಬಡ ಕಲಾವಿದರು ಖಾಲಿ ಬಿದ್ದ ಕಾರ್ಖಾನೆಗಳ ಮಹಡಿಗಳಲ್ಲಿ ಕದ್ದುಮುಚ್ಚಿ ವಾಸ ಶುರುಮಾಡಿದರು. ಚಿತ್ರ ಬರೆಯಲು ಜಾಗ, ಬೆಳಕು ಧಾರಾಳ, ಬಾಡಿಗೆ ಕಡಿಮೆ. 1971ರಲ್ಲಿ ಅಲ್ಲಿನ ಸೋಹೊ ಬಡಾವಣೆಯಲ್ಲಿ ನಗರಾಡಳಿತ ಕಲಾವಿದರ ವಾಸವನ್ನು ಸಕ್ರಮ ಮಾಡಿತು. ಬಡವರು ಅನಿವಾರ್ಯದಿಂದ ಹೂಡಿದ ಸಂಸಾರ ಮುಂದೆ ಉಳ್ಳವರ ಷೋಕಿಯಾಯಿತು. ನನ್ನವಳಿಗೆ ಇದನ್ನೆಲ್ಲ ವಿವರಿಸುತ್ತಿದ್ದರೆ ಅವಳು ಮೇಲೆ ನೋಡಿ, "ಇದು ಅಟ್ಟ ಅಲ್ವೇನ್ರೀ?" ಎಂದಳು. ಅಷ್ಟೇ! ನಮ್ಮ ಅಜ್ಜಿಯರು ಕುಂಬಳಕಾಯಿ, ಹಳೆಯ ಹಿತ್ತಾಳೆ ಪಾತ್ರೆ ಇಡುತ್ತಿದ್ದ ಕಡೆ ಇವರು ಹಾಸಿಗೆ ಹಾಸಿದ್ದಾರೆ.

ಹೊರಗಿನಿಂದ ನೋಡಿದರೆ ಬರೀ ಗೋಡೆ ಅಡ್ಡ ಇಟ್ಟಂತೆ ಕಾಣುವ ಈ ಕೆಲಸದಲ್ಲಿ ನಿಜವಾದ ಖರ್ಚು ಕಣ್ಣಿಗೆ ಕಾಣದ ಕಡೆ ಇರುತ್ತದೆ. ಶಾಲೆಯಲ್ಲಿ ನಲ್ಲಿ, ಶೌಚಾಲಯ ಒಂದೆರಡು ಮೂಲೆಯಲ್ಲಿ ಮಾತ್ರ ಇರುತ್ತವೆ. ಮನೆಯಾದರೆ ಪ್ರತಿ ಕೋಣೆಗೂ ನೀರು, ಚರಂಡಿ, ಅಡುಗೆಯ ಹೊಗೆ ಹೋಗುವ ದಾರಿ ಬೇಕು. ವಯಸ್ಸಾದವರಿಗೆ ಲಿಫ್ಟ್ ಬೇಕು. ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಕೊಳವೆಗಳು ಬೇಕು. ಸಿಯಾಟಲ್‌ನಲ್ಲಿ ಭೂಕಂಪದ ಭಯ ಬೇರೆ. 2001ರ ಫೆಬ್ರವರಿ 28ರಂದು 6.8 ತೀವ್ರತೆಯ ಕಂಪನವಾಗಿ ಎಷ್ಟೋ ಹಳೆಯ ಇಟ್ಟಿಗೆ ಕಟ್ಟಡಗಳು ಜಖಂ ಆದವು. ಇಟ್ಟಿಗೆಯ ಗೋಡೆಗೂ ಮರದ ಅಂತಸ್ತಿಗೂ ನಡುವೆ ಬಿಗಿಯಾದ ಬೆಸುಗೆ ಇಲ್ಲದಿದ್ದರೆ ನೆಲ ಒಂದು ಕಡೆ, ಗೋಡೆ ಒಂದು ಕಡೆ ಓಲಾಡುತ್ತವೆ. ಅದಕ್ಕಾಗಿ ಉಕ್ಕಿನ ಸರಳು ತೂರಿಸಿ, ಗೋಡೆಯ ಹೊರಗೆ ಕಬ್ಬಿಣದ ಬಿಲ್ಲೆ ಇಟ್ಟು ಬಿಗಿಯುತ್ತಾರೆ. ಸಿಯಾಟಲ್‌ನ ಹಳೆಯ ಇಟ್ಟಿಗೆ ಗೋಡೆಗಳ ಮೇಲೆ ಸಾಲಾಗಿ ಅಂಗಿಯ ಗುಂಡಿಗಳ ಹಾಗೆ ಕಾಣುವ ಬಿಲ್ಲೆಗಳು ಇವೇ.

ಇಷ್ಟೆಲ್ಲ ಖರ್ಚು ಮಾಡಿ ಯಾರಾದರೂ ಹಳೆಯದನ್ನು ಏಕೆ ಉಳಿಸುತ್ತಾರೆ? ಹೊಸದು ಕಟ್ಟುವುದು ಅಗ್ಗವಲ್ಲವೇ? ಇಲ್ಲಿ ಸರ್ಕಾರ ಒಂದು ಜಾಣತನ ಮಾಡಿದೆ. ಐತಿಹಾಸಿಕ ಕಟ್ಟಡವನ್ನು ಉಳಿಸಿ ಮರುಬಳಸುವವರಿಗೆ ಅಮೆರಿಕದ ಕೇಂದ್ರ ಸರ್ಕಾರ 1976ರಿಂದ ತೆರಿಗೆ ರಿಯಾಯಿತಿ ಕೊಡುತ್ತಿದೆ. ಈಗ ಆ ಕೆಲಸಕ್ಕೆ ಖರ್ಚಾದ ಹಣದ ಶೇ 20ರಷ್ಟನ್ನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಷರತ್ತುಗಳಿವೆ. ಕಟ್ಟಡದ ಚಹರೆ ಕೆಡಬಾರದು. ಆ ಕಟ್ಟಡ ಆದಾಯ ತರುವಂಥದ್ದಾಗಿರಬೇಕು, ಅಂದರೆ ಬಾಡಿಗೆ ಮನೆ, ಅಂಗಡಿ ಇತ್ಯಾದಿ. ತಾನೇ ವಾಸ ಮಾಡುವ ಸ್ವಂತ ಮನೆಗೆ ಈ ಸೌಲಭ್ಯ ಇಲ್ಲ. ಅಮೆರಿಕದಲ್ಲಿ ಹಳೆಯ ಶಾಲೆಗಳು ಮೊದಲು ಬಾಡಿಗೆ ಮನೆಗಳಾಗಿ, ಕೆಲವು ವರ್ಷಗಳ ಮೇಲೆ ಮಾರಾಟಕ್ಕೆ ಬರುವುದುಂಟು. ಅದರ ಹಿಂದೆ ಇಂಥ ಲೆಕ್ಕವೂ ಇರುತ್ತದೆ.

ಮನೆ ಚೆನ್ನಾಗಿತ್ತು. ಆದರೆ ಮಗಳು ಅಳಿಯ ಕೊಳ್ಳಲಿಲ್ಲ. ಬೆಳೆಯುವ ಹುಡುಗಿಗೆ ಬಾಗಿಲು ಹಾಕಿಕೊಂಡು ಓದಲು ಒಂದು ಕೋಣೆ ಬೇಕು, ಇಲ್ಲಿ ಇರುವುದೇ ಒಂದು ಕೋಣೆ. ಸೂರು, ಲಿಫ್ಟು, ಪಡಸಾಲೆಗೆಂದು ಎಲ್ಲರೂ ಸೇರಿ ಕೊಡುವ ತಿಂಗಳ ಹಣವೂ ಕಡಿಮೆಯಿರಲಿಲ್ಲ. ಕೊನೆಯ ಮಾತು ಪುಟ್ಟಿಯದೇ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಕೇಳಿದಳು, "ನಾವು ಇಲ್ಲಿ ಇದ್ರೆ ನಾನು ಹೈಸ್ಕೂಲಿಗೆ ಎಲ್ಲಿಗೆ ಹೋಗ್ಬೇಕು?"

ಗುಡ್ಡದ ಮೇಲೆ ಈಗ ಸಾರ್ವಜನಿಕ ಹೈಸ್ಕೂಲು ಇಲ್ಲ. ಗುಡ್ಡ ಇಳಿಯಬೇಕು, ಕಾಲುವೆ ದಾಟಬೇಕು. ಹೈಸ್ಕೂಲಿನಲ್ಲಿ ಮನೆ ಮಾಡಿಕೊಂಡ ಹುಡುಗಿ ಹೈಸ್ಕೂಲಿಗೆ ಬಸ್ಸು ಹಿಡಿದು ಬೇರೆ ಊರಭಾಗಕ್ಕೆ ಹೋಗಬೇಕು! ಅಳಿಯ ನಕ್ಕ. ನನಗೆ ನಗು ಬರಲಿಲ್ಲ. ಉಳಿದ ಮೂರು ಕಟ್ಟಡಗಳನ್ನು ನೋಡಲೇಬೇಕು ಎನ್ನಿಸಿದ್ದು ಆಗಲೇ.

ಅಂಗಡಿಯಾದ ಶಾಲೆ, ಮತ್ತೆ ಶಾಲೆಯಾದ ಶಾಲೆ

ಒಂದು ಶುಕ್ರವಾರ ನಾನೂ ನನ್ನವಳೂ ಇಬ್ಬರೇ ಬಸ್ಸು ಹಿಡಿದು ಕಾಲುವೆಯ ಆಚೆಗಿನ ವಾಲಿಂಗ್‌ಫರ್ಡ್ ಬಡಾವಣೆಗೆ ಹೊರಟೆವು. ದಾರಿಯಲ್ಲಿ ಫ್ರೀಮಾಂಟ್ ಸೇತುವೆ. 1917ರ ಈ ಸೇತುವೆ ನೀರಿಗೆ ತೀರ ಹತ್ತಿರವಿದೆ. ಎತ್ತರದ ಹಾಯಿದೋಣಿ ಬಂದರೆ ಗಂಟೆ ಬಾರಿಸಿ, ವಾಹನ ನಿಲ್ಲಿಸಿ, ಸೇತುವೆಯನ್ನೇ ನಡುವೆ ಬಿಡಿಸಿ ಮೇಲಕ್ಕೆತ್ತುತ್ತಾರೆ. ನಮ್ಮ ಬಸ್ಸೂ ಕಾದು ನಿಂತಿತು. ಯಾರೂ ಹಾರ್ನ್ ಮಾಡಲಿಲ್ಲ.

ವಾಲಿಂಗ್‌ಫರ್ಡ್‌ನ 45ನೆಯ ಬೀದಿಯಲ್ಲಿರುವುದು 1904ರ ಇಂಟರ್‌ಲೇಕ್ ಪ್ರಾಥಮಿಕ ಶಾಲೆ. ಪೂರ್ತಿ ಮರದ ಚೌಕಟ್ಟಿನ ಕಟ್ಟಡ. ಆಗ ಊರಿಗೆ ಬೇಗ ಬೇಗ ಶಾಲೆಗಳು ಬೇಕಿದ್ದವು. ಜೇಮ್ಸ್ ಸ್ಟೀಫನ್ ಒಂದು ಮಾದರಿ ನಕ್ಷೆ ಸಿದ್ಧಮಾಡಿ, ಮಕ್ಕಳು ಹೆಚ್ಚಿದಂತೆ ಹಂತ ಹಂತವಾಗಿ ಬೆಳೆಸಬಹುದಾದ ಮರದ ಶಾಲೆಗಳನ್ನು ಅಲ್ಲಲ್ಲಿ ಕಟ್ಟಿಸಿದರು. ಇಂಟರ್‌ಲೇಕ್ ಅವುಗಳಲ್ಲಿ ಒಂದು. 1980ರ ದಶಕದ ಮಧ್ಯದಲ್ಲಿ ಇದು ವಾಲಿಂಗ್‌ಫರ್ಡ್ ಸೆಂಟರ್ ಆಯಿತು. ಕೆಳಗೆ ಅಂಗಡಿ, ತಿಂಡಿಯ ಜಾಗ. ಮೇಲಿನ ಅಂತಸ್ತಿನಲ್ಲಿ ಬಾಡಿಗೆ ಮನೆಗಳು. ಇಲ್ಲಿ ಅಂಗಡಿಗೆ ಬಂದವರು ಯಾರು ಬೇಕಾದರೂ ಒಳಗೆ ಹೋಗಬಹುದು ಎಂಬುದು ನನಗೆ ಹಿಡಿಸಿತು. ಮರದ ಮೆಟ್ಟಿಲು ಹತ್ತುವಾಗ ನನ್ನವಳು ಕೈಪಿಡಿಯನ್ನು ಸವರಿ, "ಎಷ್ಟು ಮಕ್ಕಳು ಇದರ ಮೇಲೆ ಜಾರಿದ್ರೋ" ಎಂದಳು. ಕಾಫಿ ಕುಡಿದು ಹೊರಬಂದೆವು.

ಅಲ್ಲಿಂದ ನಮ್ಮಂಥ ಮಂಡಿನೋವಿನವರಿಗೂ ಕೆಲವೇ ನಿಮಿಷದ ನಡಿಗೆ, ಲಿಂಕನ್ ಹೈಸ್ಕೂಲು. 1907ರದು. ಕ್ವೀನ್ ಆನ್ ಹೈಸ್ಕೂಲಿನ ಅಣ್ಣ ಎನ್ನಿ. ಅಣ್ಣ ತಮ್ಮ ಇಬ್ಬರಿಗೂ ಒಂದೇ ವರ್ಷ, 1981ರಲ್ಲಿ, ಬೀಗ ಬಿತ್ತು. ತಮ್ಮ ಮನೆಗಳಾದ. ಅಣ್ಣನನ್ನು ಮಾತ್ರ ಶಾಲಾ ಆಡಳಿತ ತನ್ನ ಕೈಯಲ್ಲೇ ಉಳಿಸಿಕೊಂಡಿತು. ಮುಂದಿನ ದಶಕಗಳಲ್ಲಿ ಈ ಕಟ್ಟಡ ಛತ್ರದ ಹಾಗೆ ಬಳಕೆಯಾಯಿತು. ಬಲಾರ್ಡ್, ರೂಸ್‌ವೆಲ್ಟ್, ಗಾರ್‌ಫೀಲ್ಡ್ ಹೈಸ್ಕೂಲುಗಳನ್ನು ಒಂದೊಂದಾಗಿ ಹೊಸದಾಗಿ ಕಟ್ಟುವಾಗ, ದುರಸ್ತಿ ಮಾಡುವಾಗ, ಆಯಾ ಶಾಲೆಯ ಮಕ್ಕಳು ಇಲ್ಲಿ ಬಂದು ಒಂದೆರಡು ವರ್ಷ ಓದಿ ತಮ್ಮ ಊರಭಾಗಕ್ಕೆ ಮರಳಿದರು.

ಅಷ್ಟರಲ್ಲಿ ಕಾಲ ತಿರುಗಿತು. ಕಂಪ್ಯೂಟರ್ ಕಂಪನಿಗಳು ಬೆಳೆದವು. ನಮ್ಮ ಮಗಳು ಅಳಿಯನಂಥ ಸಾವಿರಾರು ಕನ್ನಡಿಗರೂ ಸೇರಿದಂತೆ ಎಲ್ಲೆಲ್ಲಿಂದಲೋ ಜನ ಬಂದರು. ಸಿಯಾಟಲ್‌ನಲ್ಲಿ ಹೈಸ್ಕೂಲುಗಳು ಸಾಲದೆ ಹೋದವು. ಆಗ ಲಿಂಕನ್ ಕಟ್ಟಡವನ್ನು ಭದ್ರಪಡಿಸಿ, ನವೀಕರಿಸಿ, 2019ರ ಸೆಪ್ಟೆಂಬರಿನಲ್ಲಿ ಮತ್ತೆ ಹೈಸ್ಕೂಲಾಗಿ ತೆರೆದರು. ಬೀಗ ಬಿದ್ದ 38 ವರ್ಷಗಳ ನಂತರ! ಮೊದಲ ವರ್ಷ 9 ಮತ್ತು 10ನೆಯ ತರಗತಿ ಮಾತ್ರ, ಆಮೇಲೆ ಮೇಲಿನವು.

ನಾವು ಹೋದಾಗ ಮಧ್ಯಾಹ್ನ ಮೂರೂವರೆ ದಾಟಿತ್ತು. ಜೂನ್ ತಿಂಗಳು, ರಜೆಗೆ ಇನ್ನೂ ಕೆಲವು ದಿನ ಇತ್ತು. ಬಾಗಿಲು ತೆರೆದು ಹುಡುಗ ಹುಡುಗಿಯರು ಹೊಳೆಯ ಹಾಗೆ ಹೊರಗೆ ಹರಿದರು. ಒಬ್ಬನ ಬೆನ್ನಿಗೆ ದೊಡ್ಡ ವಾದ್ಯದ ಪೆಟ್ಟಿಗೆ. ಇಬ್ಬರು ಜಗಳವಾಡುತ್ತಿದ್ದರು. ಒಬ್ಬಳು ಮೆಟ್ಟಿಲ ಮೇಲೆ ಕೂತು ಚಕ್ಕುಲಿಯಂಥದ್ದೇನೋ ತಿನ್ನುತ್ತಿದ್ದಳು. ಆ ಗದ್ದಲ ಕೇಳಿ ನನಗೆ ಕ್ವೀನ್ ಆನ್ ಗುಡ್ಡದ ಆ ಪಡಸಾಲೆ ಎಷ್ಟು ನಿಶ್ಶಬ್ದವಾಗಿತ್ತು ಎಂಬುದು ಅರಿವಾಯಿತು.

ಊರವರ ಚಾವಡಿ

ನಾಲ್ಕನೆಯ ಕಟ್ಟಡ ಅಲ್ಲಿಂದ ವಾಯವ್ಯಕ್ಕೆ, ಮೃಗಾಲಯವಿರುವ ಫಿನ್ನಿ ದಿಣ್ಣೆಯ ಮೇಲೆ. ಜಾನ್ ಬಿ. ಆಲೆನ್ ಶಾಲೆ. ಇಂಟರ್‌ಲೇಕ್‌ನ ಹಾಗೆ 1904ರ ಮರದ ಕಟ್ಟಡ. ಪಕ್ಕದಲ್ಲಿ 1918ರ ಇಟ್ಟಿಗೆಯ ಕಟ್ಟಡ ಇನ್ನೊಂದು. 1981ರಲ್ಲಿ ಶಾಲೆ ನಿಂತಾಗ ಇಲ್ಲಿ ಅಂಗಡಿಯೂ ಬರಲಿಲ್ಲ, ಮನೆಯೂ ಬರಲಿಲ್ಲ. ಬಡಾವಣೆಯವರೇ ಒಂದು ಸಂಘ ಕಟ್ಟಿಕೊಂಡು ಶಾಲಾ ಆಡಳಿತದಿಂದ ಕಟ್ಟಡವನ್ನು ಬಾಡಿಗೆಗೆ ಹಿಡಿದರು. ವರ್ಷಾನುವರ್ಷ ನಡೆಸಿಕೊಂಡು ಬಂದು, 2009ರಲ್ಲಿ ಅದನ್ನು ಕೊಂಡೂಕೊಂಡರು.

ಶನಿವಾರ ಪುಟ್ಟಿಯನ್ನೂ ಕರೆದುಕೊಂಡು ಹೋದೆವು. ಇಲ್ಲಿ ಪುಟಾಣಿಗಳ ಶಿಶುವಿಹಾರವಿದೆ, ಹಿರಿಯರಿಗೆ ಕಾರ್ಯಕ್ರಮಗಳಿವೆ, ಸಭೆ, ನೃತ್ಯ, ತರಬೇತಿಗಳಿಗೆ ಕೋಣೆಗಳಿವೆ. ನನಗೆ ತುಂಬ ಇಷ್ಟವಾದದ್ದು ಉಪಕರಣಗಳ ಗ್ರಂಥಾಲಯ. ಪುಸ್ತಕದ ಬದಲು ಗರಗಸ, ಏಣಿ, ಗುದ್ದಲಿಗಳನ್ನು ಎರವಲು ಕೊಡುತ್ತಾರೆ! ವರ್ಷಕ್ಕೊಮ್ಮೆ ಬೇಕಾಗುವ ಏಣಿಯನ್ನು ಪ್ರತಿ ಮನೆಯೂ ಏಕೆ ಕೊಳ್ಳಬೇಕು? ನಮ್ಮ ಹಳ್ಳಿಗಳಲ್ಲಿ ಮದುವೆಗೆ ಹಂಡೆ, ಕೊಪ್ಪರಿಗೆ ದೇವಸ್ಥಾನದಿಂದ ತರುತ್ತಿದ್ದೆವಲ್ಲ, ಹಾಗೆ.

ಕ್ರಯವೋ, ಗುತ್ತಿಗೆಯೋ?

ನಾಲ್ಕನ್ನೂ ನೋಡಿದ ಮೇಲೆ ಮಗಳು ಕೇಳಿದಳು, "ಯಾವುದು ಸರಿ ಅಂತೀರಿ ಅಪ್ಪಾ?"

ಕ್ವೀನ್ ಆನ್ ಹೈಸ್ಕೂಲನ್ನು ಮನೆ ಮಾಡಿದವರನ್ನು ನಾನು ಬೈಯಲಾರೆ. ಅವರು ಕೈಹಾಕದಿದ್ದರೆ ಆ ಗುಡ್ಡದ ನೆತ್ತಿಯ ಮೇಲೆ ಸೋರುವ ಸೂರು, ಒಡೆದ ಗಾಜು ಮಾತ್ರ ಉಳಿಯುತ್ತಿದ್ದವು. ಇಂದು ಅಲ್ಲಿ ಜನ ದೀಪ ಹಚ್ಚುತ್ತಾರೆ, ಅನ್ನ ಬೇಯಿಸುತ್ತಾರೆ. ಕಲ್ಲು ಇಟ್ಟಿಗೆ ಉಳಿದಿದೆ. ಆದರೆ ಗುಮಾಸ್ತನಾಗಿ ನಾನು ಕಂಡ ಒಂದು ವ್ಯತ್ಯಾಸ ಹೇಳುತ್ತೇನೆ. ಗುತ್ತಿಗೆ ಕೊಟ್ಟದ್ದು ಅವಧಿ ಮುಗಿದ ಮೇಲೆ ಕೈಗೆ ಬರುತ್ತದೆ. ಕ್ರಯಕ್ಕೆ ಕೊಟ್ಟದ್ದು ಬರುವುದಿಲ್ಲ. ನೂರು ಜನಕ್ಕೆ ನೂರು ಕ್ರಯಪತ್ರ ಆದ ಮೇಲಂತೂ, ನಾಳೆ ಊರಿಗೆ ಶಾಲೆ ಬೇಕೆಂದರೆ ನೂರು ಬಾಗಿಲು ತಟ್ಟಬೇಕು. ಲಿಂಕನ್ ಶಾಲೆ ಮತ್ತೆ ಗಂಟೆ ಬಾರಿಸಿದ್ದು ಅದರ ಬೀಗದ ಕೈ ಊರಿನ ಬಳಿಯೇ ಇದ್ದುದರಿಂದ.

ಮಕ್ಕಳ ಸಂಖ್ಯೆ ಕೆರೆಯ ನೀರಿನ ಹಾಗೆ. ಒಂದು ಕಾಲಕ್ಕೆ ಇಳಿಯುತ್ತದೆ, ಒಂದು ಕಾಲಕ್ಕೆ ಏರುತ್ತದೆ. ಕೆರೆ ಒಣಗಿದ ವರ್ಷವೇ ಅದರ ಅಂಗಳವನ್ನು ಸೈಟು ಮಾಡಿ ಮಾರಿದರೆ ಮಳೆ ಬಂದ ವರ್ಷ ನೀರು ನಿಲ್ಲುವುದೆಲ್ಲಿ? ಸಿಯಾಟಲ್‌ನಲ್ಲಿ ಈಚೆಗೆ ಮತ್ತೆ ಮಕ್ಕಳು ಕಡಿಮೆಯಾಗಿದ್ದಾರೆ. 2024ರಲ್ಲಿ ಕೆಲವು ಪ್ರಾಥಮಿಕ ಶಾಲೆಗಳನ್ನು ಮುಚ್ಚುವ ಪ್ರಸ್ತಾಪ ಬಂದು, ಪೋಷಕರ ವಿರೋಧ ಜೋರಾಗಿ, ವರ್ಷದ ಕೊನೆಗೆ ಅದನ್ನು ಕೈಬಿಟ್ಟರು. ಪ್ರಶ್ನೆ ಮಾತ್ರ ಮತ್ತೆ ಬರುತ್ತದೆ.

ನಮ್ಮಲ್ಲೂ ಮಕ್ಕಳಿಲ್ಲವೆಂದು ಸರ್ಕಾರಿ ಶಾಲೆಗೆ ಬೀಗ ಬಿದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅಂಥ ಎಷ್ಟೋ ಶಾಲೆಗಳ ಜಾಗ ಯಾರೋ ಪುಣ್ಯಾತ್ಮರು ಶಾಲೆಗೆಂದೇ ದಾನ ಕೊಟ್ಟದ್ದು. ಬೀಗ ಹಾಕುವವರು ಆ ದಾನಪತ್ರವನ್ನೊಮ್ಮೆ ತೆಗೆದು ಓದಲಿ. ಕಟ್ಟಡ ಖಾಲಿ ಬಿಡುವ ಬದಲು ಗ್ರಂಥಾಲಯಕ್ಕೋ ಅಂಗನವಾಡಿಗೋ ಹಿರಿಯರ ಕೂಟಕ್ಕೋ ಕೊಡಲಿ. ಆದರೆ ಕೊಡುವುದು ಗುತ್ತಿಗೆಗೆ ಮಾತ್ರ ಇರಲಿ.

ಸಿಯಾಟಲ್‌ಗೆ ಹೋಗುವ ಅಜ್ಜ ಅಜ್ಜಿಯರಿಗೆ ಒಂದೆರಡು ಮಾತು. ನಾಲ್ಕೂ ಕಟ್ಟಡಗಳಿಗೆ ಸಿಟಿ ಬಸ್ಸಿನಲ್ಲೇ ಹೋಗಬಹುದು. ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಅವಸರವಿಲ್ಲ. ಕ್ವೀನ್ ಆನ್ ಕಟ್ಟಡದಲ್ಲಿ ಜನ ವಾಸವಿದ್ದಾರೆ, ಹೊರಗಿನಿಂದ ನೋಡಿ. ಲಿಂಕನ್‌ನಲ್ಲಿ ತರಗತಿ ನಡೆಯುತ್ತಿರುತ್ತದೆ, ರಸ್ತೆಯಿಂದಲೇ ನೋಡಿ. ಉಳಿದೆರಡಕ್ಕೆ ಒಳಗೆ ಹೋಗಬಹುದು. ಕ್ವೀನ್ ಆನ್ ಗುಡ್ಡದಲ್ಲೇ ಕೆರಿ ಪಾರ್ಕ್ ಎಂಬ ಪುಟ್ಟ ಉದ್ಯಾನವಿದೆ. ಆಕಾಶ ತಿಳಿಯಾಗಿದ್ದರೆ ಸ್ಪೇಸ್ ನೀಡಲ್‌ನ ಹಿಂದೆ ಹಿಮ ಹೊದ್ದ ರೇನಿಯರ್ ಪರ್ವತ ಕಾಣುತ್ತದೆ.

ಮಕ್ಕಳಿಗೆ ಒಂದು ಕೆಲಸ. ನಾಳೆ ನಿಮ್ಮ ತರಗತಿಯ ಉದ್ದ, ಅಗಲ, ಎತ್ತರ ಅಳೆಯಿರಿ. ಕಿಟಕಿ ನಿಮ್ಮ ಯಾವ ಕಡೆಗಿದೆ ನೋಡಿ. ಶಾಲೆ ಕಟ್ಟಿದ ವರ್ಷ ಎಲ್ಲಾದರೂ ಬರೆದಿದೆಯೇ, ಜಾಗ ಕೊಟ್ಟವರು ಯಾರು, ಹೆಡ್‌ಮಾಸ್ತರನ್ನು ಕೇಳಿ. ಮನೆಗೆ ಬಂದು ನಿಮ್ಮ ತಾತನಿಗೆ ಹೇಳಿ. ಅವರೂ ಅದೇ ಶಾಲೆಯಲ್ಲಿ ಓದಿದವರಾಗಿದ್ದರೆ, ತಾವು ಕೂರುತ್ತಿದ್ದುದು ಯಾವ ಕಿಟಕಿಯ ಪಕ್ಕ ಎಂದು ಅವರೇ ತೋರಿಸಿಯಾರು.